ಪುಟ್ಟಿ, ಮೂರು ವರ್ಷ ತುಂಬಲಿ ಅಂತ ಕಾಯಬೇಡ

ಪುಟ್ಟಿ, ನಿನ್ನ ಮೆಸೇಜು ನೆನ್ನೆ ರಾತ್ರಿಯೇ ನೋಡಿದೆ. ಆಗಲೇ ಮಾತಾಡಲು ಹೋದೆ, ಗಂಟಲು ಕಟ್ಟಿಕೊಂಡಿತು. ಈಗ ನನ್ನ ಮಗನನ್ನು ಸ್ಕೂಲಿಗೆ ಬಿಟ್ಟು ಬಂದು ಕೂತಿದ್ದೇನೆ. ಇವನಿಗೆ ಆಟಿಸಂ ಇರುವುದು ನಿಮಗೆಲ್ಲ ಗೊತ್ತಲ್ಲ, ಮಾತು, ನೋಟ, ಜನರ ಜೊತೆ ಬೆರೆಯುವುದು ಬೇರೆ ಥರ ಬೆಳೆಯುವುದು. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಪಾತ್ರೆ ತೊಳೆಯುತ್ತಾ ಕೇಳು. ನಿನಗೊಬ್ಬಳಿಗೇ ಹೇಳುವ ಬದಲು ಗ್ರೂಪಲ್ಲೇ ಹೇಳುತ್ತಿದ್ದೇನೆ. ಅಣ್ಣ, ಅತ್ತಿಗೆ, ಅಮ್ಮ, ನೀವೂ ಪೂರ್ತಿ ಕೇಳಿ.

ನೀನು ಬರೆದದ್ದು ಇಷ್ಟು. ಮಗುವಿಗೆ ಎರಡು ವರ್ಷ ಮೂರು ತಿಂಗಳು. 'ಅಮ್ಮ' ಅನ್ನುವುದು ಬಿಟ್ಟರೆ ಮಾತಿಲ್ಲ, ಅದೂ ಅಳುವಾಗ ಮಾತ್ರ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಾದರೆ ಬೆರಳು ತೋರಿಸುವುದಿಲ್ಲ, ನಿನ್ನ ಕೈ ಹಿಡಿದು ಫ್ರಿಜ್ ತನಕ ಎಳೆದುಕೊಂಡು ಹೋಗುತ್ತಾನೆ. ಆಟದ ಕಾರನ್ನು ಮಗುಚಿ ಹಾಕಿ ಅರ್ಧ ಗಂಟೆ ಚಕ್ರ ತಿರುಗಿಸುತ್ತಾ ಕೂರುತ್ತಾನೆ. ಪ್ಲೇ ಸ್ಕೂಲಿನವರು, ಎರಡು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ ಅಂದಿದ್ದಾರೆ. ಅದಕ್ಕೆ ನಿನ್ನ ದೊಡ್ಡಪ್ಪ, ಮೂರು ವರ್ಷ ತುಂಬಲಿ, ನಿಮ್ಮಪ್ಪನೂ ತಡವಾಗಿಯೇ ಮಾತಾಡಿದ್ದು ಅಂತ ಹಾಕಿದ. ನಮ್ಮಮ್ಮ, ಅಂದರೆ ನಿನ್ನ ಅಜ್ಜಿ, ಬಜೆ ತೇಯ್ದು ನಾಲಿಗೆಗೆ ಹಚ್ಚು ಅಂದಳು.

ಅಣ್ಣಾ, ನೀನು ಧೈರ್ಯ ಹೇಳಲು ಹಾಗೆ ಅಂದೆ, ನನಗೆ ಗೊತ್ತು. ನನಗೂ ಆಗ ಎಲ್ಲರೂ ಇದನ್ನೇ ಹೇಳಿದ್ದು. ತಡವಾಗಿ ಮಾತಾಡಿ ಆಮೇಲೆ ಸರಿಹೋಗುವ ಮಕ್ಕಳು ಇದ್ದಾರೆ, ಸುಳ್ಳಲ್ಲ. ಆದರೆ ಅಂಥ ಮಕ್ಕಳು ಸಾಮಾನ್ಯವಾಗಿ ಮಾತಿನ ಕೆಲಸವನ್ನು ಕೈಯಲ್ಲಿ, ಕಣ್ಣಲ್ಲಿ ಮಾಡಿಕೊಂಡಿರುತ್ತವೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತವೆ. ಟಾಟಾ ಮಾಡುತ್ತವೆ. ನಾಯಿ ಕಂಡರೆ ನಾಯಿಯನ್ನೂ ನೋಡಿ, ನೀನೂ ನೋಡಿದೆಯಾ ಅಂತ ನಮ್ಮ ಮುಖವನ್ನೂ ನೋಡುತ್ತವೆ. ನಮ್ಮ ಪುಟ್ಟನಿಗೆ ಬರದೇ ಇರುವುದು ಬರೀ ಮಾತಲ್ಲ, ಈ ನೋಟ, ಈ ಬೆರಳು. ಮಕ್ಕಳ ಡಾಕ್ಟರುಗಳು ನೋಡುವ ಲೆಕ್ಕ ಸರಳ. ಒಂದು ವರ್ಷಕ್ಕೆ ಬಬ್ಬಬ್ಬ ಅನ್ನಬೇಕು, ಕೈಸನ್ನೆ ಬರಬೇಕು. 16 ತಿಂಗಳಿಗೆ ಒಂದಾದರೂ ಮಾತು, ಎರಡು ವರ್ಷಕ್ಕೆ 'ನೀರು ಕೊಡು' ಅನ್ನುವಂತೆ ಎರಡು ಪದ ಸೇರಿಸಬೇಕು. ಬಂದಿದ್ದ ಮಾತು ಹೋಯಿತು ಅಂದರಂತೂ ಯಾವ ವಯಸ್ಸಾದರೂ ಸರಿ, ಅವತ್ತೇ ತೋರಿಸಬೇಕು. ಇದು ತಪ್ಪಿದರೆ ಮಗುವಿಗೆ ಏನೋ ಆಗಿಬಿಟ್ಟಿದೆ ಅಂತಲ್ಲ. ನೋಡಿಸಬೇಕು ಅಂತ, ಅಷ್ಟೇ.

ನಾನು ಇವನಿಗೆ ಎರಡು ವರ್ಷ ಆದಾಗಿನಿಂದ ಮೂರೂವರೆ ಆಗುವ ತನಕ ಕಾದೆ. ಒಬ್ಬ ಡಾಕ್ಟರೂ ಗಂಡು ಮಕ್ಕಳಿಗೆ ಮಾತು ನಿಧಾನ ಅಂದಿದ್ದರು, ನನಗೂ ಅದನ್ನು ನಂಬುವುದೇ ಬೇಕಾಗಿತ್ತು. ಆ ಒಂದೂವರೆ ವರ್ಷ ಇವತ್ತಿಗೂ ನನ್ನನ್ನು ಕಾಡುತ್ತೆ. ತಡವಾಗಿ ಶುರು ಮಾಡಿದರೂ ಇವನು ಕಲಿತ, ಈಗಲೂ ಕಲಿಯುತ್ತಿದ್ದಾನೆ. ಆದರೆ ಮಾತು ಬಾರದೆ, ಬೇಕಾದ್ದು ಸಿಗದೆ, ಅವನು ನೆಲಕ್ಕೆ ತಲೆ ಚಚ್ಚಿಕೊಂಡ ದಿನಗಳು ಸ್ವಲ್ಪ ಕಡಿಮೆ ಆಗುತ್ತಿದ್ದವೇನೋ ಅಲ್ವಾ? ನಿನ್ನ ಮಗುವಿಗೆ ಅದು ಬೇಡ.

ಮೊದಲು ಕಿವಿ ಪರೀಕ್ಷೆ ಮಾಡಿಸು. ಟಿವಿ ಹಾಡಿಗೆ ಓಡಿ ಬರುತ್ತಾನೆ, ಕಿವಿ ಚೆನ್ನಾಗಿದೆ ಅಂತ ಬರೆದಿದ್ದೀಯಾ. ನಾನೂ ವಿಮಾನದ ಸದ್ದಿಗೆ ಆಚೆ ಓಡುತ್ತಾನೆ ಅಂತ ಅದನ್ನೇ ವಾದಿಸಿದ್ದೆ. ಜೋರು ಸದ್ದು ಕೇಳುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳದೇ ಇರಬಹುದು. ಕಿವಿಯೊಳಗೆ ನೀರು ತುಂಬಿಕೊಂಡರೂ ಹಾಗಾಗುತ್ತೆ. ಬೇರಾ ಅಂತ ಒಂದು ಪರೀಕ್ಷೆ ಇದೆ, ತಲೆಗೆ ವೈರು ಅಂಟಿಸಿ ಮಗು ನಿದ್ದೆಯಲ್ಲಿರುವಾಗ ಮಾಡುತ್ತಾರೆ, ನೋವಿಲ್ಲ. ಅಲ್ಲಿ ಹೋದಾಗ ನಿದ್ದೆ ಬರಲಿ ಅಂತ ರಾತ್ರಿ ಜಾಸ್ತಿ ಮಲಗಿಸಬೇಡಿ ಅಂದಿದ್ದರು. ನಾವು ಹಾಸನದಿಂದ ಬಸ್ಸಲ್ಲಿ ಹೊರಟೆವು. ಹೊಳೆನರಸೀಪುರದವರೆಗೂ ಇವರು ಕಿಟಕಿಯಲ್ಲಿ ಅದು ನೋಡು, ಇದು ನೋಡು ಅಂತ ಎಚ್ಚರ ಇಡಿಸಿದರು. ಕೆ.ಆರ್. ನಗರ ದಾಟುವಷ್ಟರಲ್ಲಿ ನನ್ನ ಭುಜದ ಮೇಲೆ ಗಾಢ ನಿದ್ದೆ. ಮೈಸೂರಲ್ಲಿ ಇಳಿಯುವಾಗ ಕಣ್ಣು ಬಿಟ್ಟವನು ಸಂಜೆ ತನಕ ಮಲಗಲಿಲ್ಲ. ಮಾರನೇ ದಿನ ಮತ್ತೆ ಹೋದೆವು. ನೀನು ಹೋಗುವ ದಿನ ಕಾರಲ್ಲಿ ಅವನ ಪಕ್ಕ ಒಬ್ಬರನ್ನು ಕೂರಿಸಿಕೋ.

ನಾವು ಹೋದದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೈಸೂರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅಂತಲೇ ಕರೆಯುತ್ತಾರೆ. 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಅಲ್ಲಿಗೆ ಹೋಗುವ ಮುಂಚೆ ನಾನು ಬೇರೆ ಒಂದು ಕಡೆ ಎಂಟು ತಿಂಗಳು ಓಡಾಡಿದ್ದೆ. ಹೆಸರು ಬೇಡ. ಮೂರು ತಿಂಗಳ ದುಡ್ಡು ಮುಂಗಡ ಕಟ್ಟಿಸಿಕೊಳ್ಳುತ್ತಿದ್ದರು. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ಅವನು ಅಳುವುದು ಕೇಳುತ್ತಿತ್ತು. ನಾನು ಆಚೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿರುತ್ತಿದ್ದೆ. ಮುಕ್ಕಾಲು ಗಂಟೆ ಆದಮೇಲೆ ಆಚೆ ಬಿಟ್ಟು, ಇವತ್ತು ಪರವಾಗಿಲ್ಲ ಮೇಡಂ ಅನ್ನುತ್ತಿದ್ದರು. ಒಳಗೆ ಏನು ಮಾಡಿದಿರಿ, ಮನೆಯಲ್ಲಿ ನಾನೇನು ಮಾಡಲಿ ಅಂದರೆ, ಅದು ನಮಗೆ ಬಿಡಿ ಅನ್ನುತ್ತಿದ್ದರು. ಮೈಸೂರಲ್ಲಿ ಅದಕ್ಕೆ ತದ್ವಿರುದ್ಧ. ಅಮ್ಮಂದಿರು ಮಗುವಿನ ಜೊತೆ ಚಾಪೆ ಮೇಲೆ ಕೂರಬೇಕು. ಮೊದಲು ಟೀಚರ್ ಮಾಡಿ ತೋರಿಸುತ್ತಾರೆ, ಆಮೇಲೆ ನಮ್ಮ ಕೈಲಿ ಮಾಡಿಸುತ್ತಾರೆ, ತಪ್ಪಿದ್ದನ್ನು ತಿದ್ದುತ್ತಾರೆ.

ಅವತ್ತು ಅಲ್ಲಿ ಒಂದು ಲೆಕ್ಕ ಹಾಕಿದೆ. ವಾರಕ್ಕೆ ಎರಡು ಸೆಷನ್ ಅಂದರೆ ಒಂದೂವರೆ ಗಂಟೆ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರ ಇದ್ದರೆ ವಾರಕ್ಕೆ 84 ಗಂಟೆ. ಉಳಿದ ಎಂಬತ್ತೆರಡೂವರೆ ಗಂಟೆ ಅವನು ಇರುವುದು ನಮ್ಮ ಹತ್ತಿರ. ಆದ್ದರಿಂದ ನೀನು ಸೆಂಟರ್ ಹುಡುಕುವಾಗ ಗೋಡೆಗೆ ಬಳಿದ ಬಣ್ಣ ನೋಡಬೇಡ, ದೊಡ್ಡ ದೊಡ್ಡ ಚೆಂಡು, ಉಯ್ಯಾಲೆ ನೋಡಬೇಡ. ಒಂದೇ ಪ್ರಶ್ನೆ ಕೇಳು: ನಾನು ಒಳಗೆ ಕೂರಬಹುದಾ? ಇಲ್ಲ ಅಂದರೆ ಎದ್ದು ಬಾ.

ಈಗ ಅಮ್ಮನ ವಿಷಯ. ಅಮ್ಮಾ, ಬಜೆಯನ್ನು ಡಾಕ್ಟರನ್ನು ಕೇಳದೆ ಮಗುವಿನ ನಾಲಿಗೆಗೆ ಹಚ್ಚುವುದು ಬೇಡ. ಆದರೆ ನಿನ್ನ ಹತ್ತಿರ ಬಜೆಗಿಂತ ದೊಡ್ಡದು ಇದೆ. ನೀನು ನಮ್ಮನ್ನೆಲ್ಲ ಸೊಂಟದ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಹೋಗಿ ಚಂದಮಾಮನನ್ನು ತೋರಿಸಿ ತುತ್ತು ಇಡುತ್ತಿದ್ದೆಯಲ್ಲ, ನೆನಪಿದೆಯಾ? ಅಲ್ಲಿ ನೋಡೋ, ಚಂದಮಾಮ! ಅಂತ ಬೆರಳು ಎತ್ತುವುದು. ಮಗು ಮೊದಲು ಬೆರಳು ನೋಡುತ್ತೆ, ಆಮೇಲೆ ಚಂದ್ರನನ್ನು ನೋಡುತ್ತೆ, ಆಮೇಲೆ ತಿರುಗಿ ಅಜ್ಜಿ ಮುಖ ನೋಡಿ ಬಾಯಿ ಬಿಡುತ್ತೆ. ಮೈಸೂರಿನ ಟೀಚರ್ ಇವನಿಗೆ ಮೊದಲ ಎರಡು ತಿಂಗಳು ಕಲಿಸಿದ್ದು ಇದನ್ನೇ. ಜಾಯಿಂಟ್ ಅಟೆನ್ಷನ್ ಅಂತಾರೆ. ಇಬ್ಬರು ಸೇರಿ ಒಂದನ್ನು ನೋಡುವುದು. ಅದು ಬಂದಮೇಲೆ ಮಾತು ಕೂರಲು ಒಂದು ಜಾಗ ಸಿಗುತ್ತೆ. ನಾನು ಮಗ ತಿನ್ನಲಿ ಅಂತ ಚಂದ್ರನ ಜಾಗದಲ್ಲಿ ಮೊಬೈಲ್ ಇಟ್ಟಿದ್ದೆ. ಅದರಲ್ಲಿ ತಿರುಗಿ ನೋಡಲು ಯಾರ ಮುಖವೂ ಇರುವುದಿಲ್ಲ. ಪುಟ್ಟಿ, ಮೊಬೈಲಿನಿಂದ ಹೀಗಾಯಿತು ಅಂತ ಯಾರಾದರೂ ನಿನ್ನ ಮೇಲೆ ಹಾಕಿದರೆ ಕಿವಿಗೆ ಹಾಕಿಕೊಳ್ಳಬೇಡ. ಆಟಿಸಂ ಮೊಬೈಲಿನಿಂದ ಬರುವುದಲ್ಲ, ನೀನು ಕೆಲಸಕ್ಕೆ ಹೋದದ್ದರಿಂದ ಬರುವುದೂ ಅಲ್ಲ. ಆದರೆ ಮೊಬೈಲು ಅವನ ಹೊತ್ತನ್ನು ತಿನ್ನುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟು ಒಳ್ಳೆಯದು ಅಂತ. ಊಟದ ಹೊತ್ತಿನಿಂದ ಶುರು ಮಾಡಿ ತೆಗೆ. ಮೂರು ನಾಲ್ಕು ದಿನ ಕಿರುಚುತ್ತಾನೆ, ತಡೆದುಕೋ.

ಇನ್ನೊಂದು, ಇದು ನನಗೆ ಬಹಳ ಸಂಕಟ ಆದದ್ದು. ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ ಅನ್ನುವುದು ತಪ್ಪು. ಎರಡು ಭಾಷೆ ಕೇಳುವುದರಿಂದ ಮಾತು ತಡ ಆಗುವುದಿಲ್ಲ, ಆಟಿಸಂ ಇರುವ ಮಕ್ಕಳಿಗೂ ಅದರಿಂದ ತೊಂದರೆ ಇಲ್ಲ. ನಿನಗೆ ಸಿಟ್ಟು ಬಂದಾಗ, ಮುದ್ದು ಬಂದಾಗ, ಅವನು ಬಿದ್ದಾಗ ನಿನ್ನ ಬಾಯಿಂದ ಬರುವುದು ಯಾವ ಭಾಷೆ? ಅದರಲ್ಲೇ ಮಾತಾಡು. ಇಂಗ್ಲಿಷ್ ಮಾತ್ರ ಅಂದರೆ ನೀನು 'ಕಮ್, ಸಿಟ್, ಈಟ್' ಅನ್ನುವಲ್ಲಿಗೆ ನಿಲ್ಲುತ್ತೀಯಾ. ಅಜ್ಜಿಗಂತೂ ಬಾಯಿಗೆ ಬೀಗ ಹಾಕಿದ ಹಾಗೆ. ನಮ್ಮ ಅಜ್ಜಿಯರ ಎಳೆ ಮಾತು ಕೇಳಿ ನೋಡು: ಅಮ್ಮ, ಅಪ್ಪ, ಬುವ್ವ, ಮಮ್ಮು. ಪ, ಬ, ಮ. ತುಟಿ ಸೇರಿಸಿ ಆಡುವ ಅಕ್ಷರಗಳು. ಮಗುವಿಗೆ ಮೊದಮೊದಲು ಬರುವುದರಲ್ಲಿ ಇವೂ ಸೇರಿವೆ, ತುಟಿ ಆಡುವುದು ಅದಕ್ಕೆ ಕಣ್ಣಿಗೂ ಕಾಣುತ್ತೆ. ದೊಡ್ಡವರ ಹಾಗೆ ಮಾತಾಡಬೇಕು, ಬುವ್ವ ಅನ್ನಬಾರದು ಅಂತ ನಾನೇ ಅಮ್ಮನನ್ನು ತಡೆದಿದ್ದೆ. ಅಮ್ಮಾ, ಅದು ನನ್ನ ತಪ್ಪು.

ಮನೆಯಲ್ಲಿ ಮಾಡುವುದು ಹೀಗೆ. ಅವನ ಎದುರು ನೆಲದ ಮೇಲೆ ಕೂರು, ನಿನ್ನ ಮುಖ ಅವನ ಮುಖದ ಮಟ್ಟಕ್ಕೆ ಬರಲಿ. ಅವನು ಚಕ್ರ ತಿರುಗಿಸುತ್ತಿದ್ದರೆ ಕಿತ್ತುಕೊಳ್ಳಬೇಡ. ನೀನೂ ಒಂದು ಕಾರು ಮಗುಚಿ ಹಾಕಿ ತಿರುಗಿಸು, 'ಗಿರ್ರ್' ಅನ್ನು, ನಿಲ್ಲಿಸು. ಅವನು ತಲೆ ಎತ್ತುತ್ತಾನಾ ನೋಡು. ಇದು ಏನು, ಅದು ಯಾವ ಬಣ್ಣ ಅಂತ ಪರೀಕ್ಷೆ ಮಾಡಬೇಡ. ಚಕ್ಕುಲಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಅವನ ಕೈಗೇ ಕೊಡು. ತೆಗೆಯಲಾಗದೆ ನಿನ್ನ ಹತ್ತಿರ ಬರುತ್ತಾನೆ. ತಕ್ಷಣ ತೆಗೆಯಬೇಡ. 'ತೆಗಿ?' ಅಂತ ಹೇಳಿ, ಮನಸ್ಸಲ್ಲೇ ಹತ್ತು ಎಣಿಸು. ಈ ಹತ್ತು ಎಣಿಸುವುದು ಇದೆಯಲ್ಲ, ಇದರಷ್ಟು ಕಷ್ಟ ಇನ್ನಾವುದೂ ಇಲ್ಲ. ನಾವು ಮೂರಕ್ಕೇ ಕೊಟ್ಟುಬಿಡುತ್ತೇವೆ. ಕಾದರೆ ಒಂದು ದಿನ ನೋಡುತ್ತಾನೆ, ಇನ್ನೊಂದು ದಿನ ಕೈ ಮುಂದೆ ಮಾಡುತ್ತಾನೆ, ಮತ್ತೊಂದು ದಿನ 'ತೆ' ಅನ್ನುತ್ತಾನೆ. ಯಾವುದು ಮಾಡಿದರೂ ಅದೇ ಮಾತು ಅಂತ ತಿಳಿದು ಕೊಟ್ಟುಬಿಡು, ಪೂರ್ತಿ ಹೇಳಲಿ ಅಂತ ಅಳಿಸಬೇಡ. 'ನೀರು' ಅಂದರೆ ನೀನು 'ನೀರು ಬೇಕು' ಅನ್ನು. ಅವನಿಗಿಂತ ಒಂದೇ ಪದ ಜಾಸ್ತಿ. ಎತ್ತಿ ಆಡಿಸುವಾಗ ಒಂದು, ಎರಡು ಅಂತ ಎಣಿಸಿ ಮೂರಕ್ಕೆ ಸುಮ್ನೆ ನಿಂತುಬಿಡು. ನಮ್ಮವನು ಮೊದಲ ಸಲ ಬೇಕು ಅಂತ ಬಾಯಿ ಬಿಟ್ಟು ಹೇಳಿದ ಮಾತು ಅದೇ, 'ಮೂಉ'. ಇವರು ಅವನನ್ನು ಎತ್ತಿ ಹಿಡಿದುಕೊಂಡೇ ಅತ್ತುಬಿಟ್ಟರು.

ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಊರ ಕಡೆ ಇರುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ನೋಡುವ ಕೇಂದ್ರ ಇರುತ್ತೆ, 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ, ದುಡ್ಡು ಕೊಡಬೇಕಾಗಿಲ್ಲ. ಅಂಗನವಾಡಿಗೆ ತಪಾಸಣೆಗೆ ಬರುವ ಡಾಕ್ಟರ ತಂಡವೇ ಚೀಟಿ ಬರೆದು ಕಳಿಸುತ್ತೆ. ಡಾಕ್ಟರ್ ಹತ್ತಿರ ಹೋದಾಗ ಆಟಿಸಂ ಲಕ್ಷಣ ಇದೆಯಾ ಅಂತ ನೋಡುವ ಎಂಚಾಟ್ ಅನ್ನುವ ಪ್ರಶ್ನೆಪಟ್ಟಿ ಮಾಡಿಸು. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಹೌದು ಅಥವಾ ಇಲ್ಲ. ಪುಟ್ಟನಿಗೆ 27 ತಿಂಗಳು, ಇನ್ನೂ ಹೊತ್ತಿದೆ. ಅದು ಬರೀ ಜರಡಿ, ಅದರಲ್ಲಿ ನಂಬರ್ ಜಾಸ್ತಿ ಬಂತು ಅಂತ ಅಲ್ಲೇ ಕುಸಿಯಬೇಡ. ಆಟಿಸಂ ಹೌದೋ ಅಲ್ಲವೋ ತೀರ್ಮಾನ ಆಗಲು ತಿಂಗಳುಗಳು ಹಿಡಿಯಬಹುದು. ಚಕ್ಕುಲಿ ಡಬ್ಬಿಗೆ ಅದು ಯಾವುದೂ ಬೇಕಾಗಿಲ್ಲ, ಇವತ್ತು ಸಂಜೆಯೇ ಶುರು ಮಾಡು.

ಗ್ರೂಪಲ್ಲಿ ಯಾರೋ ಸ್ಟೆಮ್ ಸೆಲ್ ಚಿಕಿತ್ಸೆ ವಿಡಿಯೊ ಹಾಕಿದ್ದಾರೆ. ದಯವಿಟ್ಟು ಅದರ ಹತ್ತಿರ ಹೋಗಬೇಡ. ಆಟಿಸಂಗೆ ಅದನ್ನು ಮಾಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಲಕ್ಷಗಟ್ಟಲೆ ಕೀಳುತ್ತಾರೆ. ಮುಂದೆ ಒಂದು ವೇಳೆ ಅಂಗವೈಕಲ್ಯದ ಸರ್ಟಿಫಿಕೇಟ್ ಆದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದ ತನಕ, ಥೆರಪಿ ಖರ್ಚಿಗೂ ಸ್ವಲ್ಪ ಸಿಗುತ್ತೆ. ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ಮುದ್ರೆ ಒತ್ತಿದ ಹಾಗೆ ಅಂತ ನಾನು ಎರಡು ವರ್ಷ ಹೆದರಿದ್ದೆ. ಹೆದರಬೇಕಾಗಿರಲಿಲ್ಲ.

ನೀನು ಕೊನೆಯಲ್ಲಿ ಕೇಳಿದ್ದೀಯಲ್ಲ, ಅತ್ತೆ, ನಿಮ್ಮವನು ಪೂರ್ತಿ ಸರಿಹೋದನಾ ಅಂತ. ಅವನಿಗೆ ಈಗ ಹನ್ನೆರಡು. ಸಣ್ಣ ಸಣ್ಣ ವಾಕ್ಯ ಆಡುತ್ತಾನೆ. ಮದುವೆ ಮನೆಯ ವಾಲಗದ ಸದ್ದಿಗೆ ಇವತ್ತಿಗೂ ಕಿವಿ ಮುಚ್ಚಿಕೊಂಡು ಆಚೆ ಹೋಗುತ್ತಾನೆ, ಅವನ ಜೊತೆ ನಾನೂ ಹೋಗುತ್ತೇನೆ. ಬಸ್ ಬೋರ್ಡು ಓದುವುದೆಂದರೆ ಪ್ರಾಣ. ಕನ್ನಡ ಓದಲು ಕಲಿತದ್ದೇ ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಅರಸೀಕೆರೆ, ಬೇಲೂರು, ಸಕಲೇಶಪುರ ಅಂತ ಒಂದೊಂದಾಗಿ ಓದಿ ನನ್ನ ಮುಖ ನೋಡುತ್ತಾನೆ. ಹೌದಪ್ಪ, ಸಕಲೇಶಪುರ ಅನ್ನುತ್ತೇನೆ. ಅವನನ್ನು ಬೇರೆ ಮಗು ಮಾಡಬೇಕು ಅಂತ ನಾನು ಮೊದಲು ಓಡಾಡಿದ್ದೆ. ಈಗ ಆ ಆಸೆ ಇಲ್ಲ. ಅವನಿಗೆ ಏನು ಬೇಕು, ಎಲ್ಲಿ ನೋಯುತ್ತೆ ಅಂತ ಅವನೇ ಹೇಳುತ್ತಾನೆ. ನನಗೆ ಬೇಕಾಗಿದ್ದದ್ದು ಅದು.

ಅಮ್ಮಾ, ನೀನು ಅಲ್ಲಿ ಊರಲ್ಲಿ ಕೂತು ಹರಕೆ ಕಟ್ಟುವ ಬದಲು ಒಂದು ತಿಂಗಳು ಪುಟ್ಟಿ ಮನೆಗೆ ಹೋಗಿ ಇರು. ಮಂಡಿ ನೋವಿನ ಎಣ್ಣೆ, ಮಾತ್ರೆ ಎಲ್ಲ ಚೀಲಕ್ಕೆ ಹಾಕಿಕೋ. ಶನಿವಾರ ಬೆಳಿಗ್ಗೆ ನಾನೇ ಬಂದು ಕರೆದುಕೊಂಡು ಹೋಗಿ ಬಿಡುತ್ತೇನೆ, ಇವನ ಹಳೆಯ ಫೈಲೂ ತರುತ್ತೇನೆ. ಪುಟ್ಟಿ, ನಿನ್ನ ಫ್ಲ್ಯಾಟಿನ ಟೆರೇಸಿಗೆ ರಾತ್ರಿ ಬೀಗ ಹಾಕುತ್ತಾರಾ? ಹಾಕುವುದಾದರೆ ಸೆಕ್ಯೂರಿಟಿಯವರಿಗೆ ಹೇಳಿ ಒಂದು ಕೀ ಇಸ್ಕೊಂಡಿಟ್ಟಿರು. ಅಜ್ಜಿ, ಮರಿಮೊಮ್ಮಗ ಊಟದ ಹೊತ್ತಿಗೆ ಮೇಲೆ ಹೋಗಬೇಕಾಗುತ್ತೆ.