"ಇದೆಯಾ?" ಎಂದು ಕೇಳಿದವರಿಗೆ ಏನು ಹೇಳುವುದು? ಹಳೇ ಸಾಮಾನು ಮಾರುವವರ ಅನುಭವ ಹಂಚಿಕೆ

ಪ್ರಶ್ನೆ (ಮಡಿಕೇರಿಯಿಂದ)

ನಮಸ್ಕಾರ. ಮುಂದಿನ ತಿಂಗಳು ಮನೆ ಖಾಲಿ ಮಾಡಬೇಕು. ತೇಗದ ಮಂಚ, ಫ್ರಿಜ್, ಇನ್ವರ್ಟರ್, ಬ್ರಷ್ ಕಟರ್ (ಕಳೆ ಕತ್ತರಿಸುವ ಯಂತ್ರ), ಸ್ಪ್ರಿಂಕ್ಲರ್ ಪೈಪು ಇಷ್ಟನ್ನೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮತ್ತು ಊರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಾಕಿದ್ದೇನೆ. "ಇದೆಯಾ?" ಅಂತ ಕೇಳುವವರು ಬಹಳ. "ಇದೆ" ಅಂದರೆ ಆಮೇಲೆ ಸದ್ದಿಲ್ಲ. ಎಲ್ಲರಿಗೂ ಉತ್ತರ ಕೊಡಲೇಬೇಕಾ? ಮೊದಲು ಕೇಳಿದವರಿಗೆ ಕೊಡುವುದೋ, ಮೊದಲು ಬಂದವರಿಗೆ ಕೊಡುವುದೋ? "ಎತ್ತಿಡಿ, ಬರ್ತೀನಿ" ಅಂದರೆ ಎಷ್ಟು ದಿನ ಎತ್ತಿಡಬೇಕು? ಯಾರಿಗೂ ಬೇಸರ ಆಗಬಾರದು. ತಿಳಿದವರು ಹೇಳಿ.

ಕುಶಾಲನಗರ, ಹಳೇ ಪೀಠೋಪಕರಣ ಕೊಂಡು ಮಾರುವವರು

ಮಾರ್ಕೆಟ್‌ಪ್ಲೇಸ್‌ನಲ್ಲಿ ಆ ಪ್ರಶ್ನೆಯನ್ನು ಯಾರೂ ಕೂತು ಟೈಪ್ ಮಾಡುವುದಿಲ್ಲ. ಫೋಟೋದ ಕೆಳಗೆ ಅದು ಬರೆದೇ ಇರುತ್ತದೆ, ಒತ್ತಿದರೆ ಹೋಗುತ್ತದೆ. ಹಾಗಾಗಿ ಕೇಳಿದವರೆಲ್ಲ ಕೊಳ್ಳುವವರಲ್ಲ, ಸುಮ್ಮನಾದವರೆಲ್ಲ ಮರ್ಯಾದೆಗೆಟ್ಟವರೂ ಅಲ್ಲ. ಉತ್ತರ ಮಾತ್ರ ಎಲ್ಲರಿಗೂ ಕೊಡಿ, ಒಂದೇ ಸಲ ಕೊಡಿ, ಪೂರ್ತಿ ಕೊಡಿ. ಬರೀ "ಇದೆ" ಅಂದುಬಿಟ್ಟರೆ ಮುಂದೆ ಏನು ಕೇಳಬೇಕೆಂದು ಅವರೇ ಯೋಚಿಸಬೇಕು. ಬಹಳ ಜನ ಕೈಬಿಡುವುದು ಅಲ್ಲೇ.

ಮೊದಲ ಉತ್ತರ ಹೀಗಿರಲಿ:

"ಇದೆ ಸರ್. ತೇಗದ ಮಂಚ, ಆರೂಕಾಲು ಅಡಿ ಉದ್ದ, 5 ಅಡಿ ಅಗಲ. ಹಾಸಿಗೆ ಸೇರಿಲ್ಲ. 14,000 ರೂಪಾಯಿ. ಮಡಿಕೇರಿಯಲ್ಲಿದೆ. ಶುಕ್ರವಾರ, ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ನೋಡಬಹುದು. ನೀವು ಯಾವ ಕಡೆಯಿಂದ ಬರಬೇಕು?"

ಶುಕ್ರವಾರ ಬೇಕೆಂದೇ ಸೇರಿಸಿದ್ದು. ಅಂದಿನ ಮಡಿಕೇರಿ ಸಂತೆಗೆ ಸುತ್ತಲಿನವರು ಹೇಗೂ ಬರುತ್ತಾರೆ, ಮಂಚ ನೋಡಲೆಂದೇ ಇನ್ನೊಂದು ದಿನ ಕಳೆಯುವುದು ತಪ್ಪುತ್ತದೆ. ಕುಶಾಲನಗರದಲ್ಲಿ ಮಾರುವವರು ಮಂಗಳವಾರ ಹೇಳಬಹುದು, ಸೋಮವಾರಪೇಟೆಯಲ್ಲಾದರೆ ಸೋಮವಾರ.

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. "ಮೈಸೂರಿಂದ" ಎಂದರೆ ಸುಮಾರು 120 ಕಿಲೋಮೀಟರ್ ಬಂದು ಅಷ್ಟೇ ದೂರ ವಾಪಸ್ ಹೋಗುವವರು, ಅದೂ ಪಿಕಪ್ ಬಾಡಿಗೆ ಕೊಟ್ಟು. ಮಂಚ ಬಿಚ್ಚಿ ಜೋಡಿಸುವಂಥದ್ದೋ ಅಲ್ಲವೋ, ಹಲಗೆ ತೇಗದ್ದೋ ಪ್ಲೈವುಡ್ಡೋ, ಯಾವ ಕಾಲಿಗೆ ಗೆದ್ದಲು ಹತ್ತಿದೆ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಲೆ ಎಲ್ಲಿದೆ, ಇವೆಲ್ಲ ಅವರು ಹೊರಡುವ ಮೊದಲೇ ಗೊತ್ತಿರಬೇಕು. ದೋಷದ ಫೋಟೋವನ್ನು ಹತ್ತಿರದಿಂದ ತೆಗೆದು ಕೇಳುವ ಮೊದಲೇ ಕಳಿಸಿ. ಬಂದು ನೋಡಿದ ಮೇಲೆ ಬೆಲೆ ಇಳಿಸುವ ಜಗಳ ಶುರುವಾಗುವುದು ಮುಚ್ಚಿಟ್ಟ ಕಲೆಯಿಂದಲೇ.

ಇದನ್ನೇ ಪ್ರತಿಯೊಬ್ಬರಿಗೂ ಟೈಪ್ ಮಾಡುವುದು ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಇದೆ. ಒಂದೊಂದು ಸಾಮಾನಿಗೆ ಒಂದೊಂದು ಉತ್ತರ ಬರೆದಿಟ್ಟು ಹೆಸರು ಕೊಟ್ಟರೆ, ಮೆಸೇಜ್ ಜಾಗದಲ್ಲಿ ಓರೆಗೆರೆ (/) ಒತ್ತಿ ಆರಿಸಿಕೊಳ್ಳಬಹುದು. ತಾನಾಗಿಯೇ ಹೋಗುವ ಸ್ವಾಗತ ಮೆಸೇಜ್‌ನಲ್ಲಿ ಮಾತ್ರ "ಇದೆ" ಎಂದು ಬರೆಯಬೇಡಿ. ಸಾಮಾನು ಹೋದ ಮೇಲೂ ಅದು "ಇದೆ" ಎನ್ನುತ್ತಲೇ ಇರುತ್ತದೆ, ಜನ ಬಂದುಬಿಡುತ್ತಾರೆ.

ಗೋಣಿಕೊಪ್ಪಲು, ತೋಟದ ಯಂತ್ರಗಳ ರಿಪೇರಿ

ಬ್ರಷ್ ಕಟರ್ ಕೇಳುವವರ ಎರಡನೇ ಪ್ರಶ್ನೆ "ಸ್ಟಾರ್ಟ್ ಆಗುತ್ತಾ?" ಅಂತಲೇ ಇರುತ್ತದೆ. ಅದಕ್ಕೆ ಕಾಯದೆ ಮೊದಲ ಉತ್ತರದ ಜೊತೆಗೇ ವಿಡಿಯೋ ಕಳಿಸಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ತೆಗೆಯಿರಿ. ಬಿಸಿ ಇಂಜಿನ್ ಸುಲಭವಾಗಿ ಹತ್ತಿಕೊಳ್ಳುತ್ತದೆ ಎಂದು ತೋಟದವರಿಗೆ ಗೊತ್ತು, ಅಂಥ ವಿಡಿಯೋ ನಂಬುವುದಿಲ್ಲ. ಸೈಲೆನ್ಸರ್ ಮೇಲೆ ಅಂಗೈ ಇಟ್ಟು ತಣ್ಣಗಿದೆ ಎಂದು ತೋರಿಸಿ. ಚೋಕ್ ಹಾಕುವುದು, ಹಗ್ಗ ಎಳೆಯುವುದು, ಚೋಕ್ ತೆಗೆದು ಆಕ್ಸಿಲರೇಟರ್ ಕೊಡುವುದು, ಎಲ್ಲಾ ಒಂದೇ ಓಟದಲ್ಲಿ ಇರಲಿ. 40 ಸೆಕೆಂಡು ಸಾಕು. ಎಷ್ಟು ಎಳೆತಕ್ಕೆ ಹತ್ತಿತು ಎಂದು ಕಾಣಬೇಕು, ಮಧ್ಯೆ ಕತ್ತರಿಸಬೇಡಿ.

ಜೊತೆಗೆ ಒಂದೇ ಸಾಲಿನಲ್ಲಿ 2 ಸ್ಟ್ರೋಕೋ 4 ಸ್ಟ್ರೋಕೋ, ಎಷ್ಟು ಸಿಸಿ, ಹೆಗಲಿಗೆ ಹಾಕುವುದೋ ಬೆನ್ನಿಗೆ ಹೊರುವುದೋ, ಬ್ಲೇಡ್ ಮತ್ತು ನೈಲಾನ್ ದಾರದ ಹೆಡ್ ಎರಡೂ ಇವೆಯೋ ಎಂದು ಬರೆಯಿರಿ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಯಂತ್ರವಾದರೆ ಟ್ಯಾಂಕ್‌ನಲ್ಲಿರುವ ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ. ಹಳೇ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ನೋಡಲು ಬಂದವರ ಎದುರು ಹತ್ತು ಸಲ ಹಗ್ಗ ಎಳೆದರೂ ಹತ್ತದಿದ್ದರೆ ಒಳ್ಳೇ ಯಂತ್ರಕ್ಕೂ ಬೆಲೆ ಹೋಗುತ್ತದೆ.

ಪೈಪಿಗೆ "ಇದೆ" ಎಂಬ ಉತ್ತರ ಸಾಲದು, ಎಷ್ಟಿದೆ ಎಂದು ಹೇಳಬೇಕು. "ಇದೆ. 75 ಎಂಎಂ, 6 ಮೀಟರಿನವು, 40 ಪೈಪು. ಎರಡಕ್ಕೆ ರಬ್ಬರ್ ರಿಂಗ್ ಇಲ್ಲ. 10ಕ್ಕಿಂತ ಕಡಿಮೆ ಬಿಡಿಯಾಗಿ ಕೊಡುವುದಿಲ್ಲ." ಹೀಗೆ. ಕಪ್ಲರ್ (ಪೈಪಿಗೆ ಪೈಪು ಜೋಡಿಸುವ ಕೊಂಡಿ) ಯಾವ ಥರದ್ದು ಎಂಬ ಫೋಟೋ ಬೇಕೇ ಬೇಕು, ಅವರ ತೋಟದ ಪೈಪಿಗೆ ಕೂರದಿದ್ದರೆ ಅಗ್ಗಕ್ಕೆ ಸಿಕ್ಕಿಯೂ ಉಪಯೋಗವಿಲ್ಲ. ಅರ್ಧ ಮಾರಿದ ದಿನವೇ ಪೋಸ್ಟ್‌ನಲ್ಲಿ ಸಂಖ್ಯೆ ತಿದ್ದಿ.

ಇನ್ನೊಂದು ವಿಷಯ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವ ಹೊತ್ತಿಗೆ ಪೈಪು, ಪಂಪ್‌ಸೆಟ್ಟಿಗೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಒಂದಿಂಚು ಹೂಮಳೆ ಬಿದ್ದರೆ ಸಾಕು, ನಿನ್ನೆ "ನಾಳೆ ಬಂದೇ ಬರ್ತೀನಿ" ಎಂದವರಿಗೆ ಇವತ್ತು ಬೇಡ. ಅದಕ್ಕೆ ಅವರ ಮೇಲೆ ಸಿಟ್ಟು ಮಾಡಬಾರದು, ಮಳೆ ಬಂದ ಮೇಲೆ ಪೈಪಿಗೆ ದುಡ್ಡು ಹಾಕುವ ಬೆಳೆಗಾರ ಯಾರಿದ್ದಾರೆ? ಮಳೆ ಬಂದ ದಿನ ನೀವೇ ಒಂದು ಮಾತು ಕೇಳಿ: "ನಿಮ್ಮ ಕಡೆಯೂ ಮಳೆ ಆಯ್ತಾ? ಪೈಪು ಇನ್ನೂ ಬೇಕಾ, ಬೇರೆಯವರಿಗೆ ಹೇಳಲಾ?" ಬೇಡ ಎನ್ನಲು ಮುಜುಗರಪಡುವವರಿಗೆ ಅದರಿಂದ ದಾರಿ ಸಿಗುತ್ತದೆ, ನಿಮಗೂ ಕಾಯುವುದು ತಪ್ಪುತ್ತದೆ.

ಸೋಮವಾರಪೇಟೆಯಿಂದ

ಮೊದಲು ಯಾರಿಗೆ ಎಂಬುದಕ್ಕೆ: ಮೊದಲು ಕೇಳಿದವರಿಗಲ್ಲ, ಮೊದಲು ದಿನ ಮತ್ತು ಗಂಟೆ ಹೇಳಿದವರಿಗೆ. "ವೀಕೆಂಡ್ ಬರ್ತೀನಿ" ಲೆಕ್ಕಕ್ಕಿಲ್ಲ, "ಶನಿವಾರ 11ಕ್ಕೆ" ಲೆಕ್ಕಕ್ಕುಂಟು. ಅವರಿಗೆ ಬರೆದು ಹೇಳಿ: "ಶನಿವಾರ ಮಧ್ಯಾಹ್ನ 12ರವರೆಗೆ ನಿಮಗಾಗಿ ಇಟ್ಟಿರುತ್ತೇನೆ. ತಡವಾದರೆ ಫೋನ್ ಮಾಡಿ. ಇಲ್ಲದಿದ್ದರೆ ಮುಂದಿನವರಿಗೆ ಹೇಳುತ್ತೇನೆ." ಗಂಟೆ ಹೇಳದೆ "ಇಟ್ಟಿರ್ತೀನಿ" ಅಂದರೆ ಅವರು ವಾರ ಬಿಟ್ಟು ಬಂದು "ಇಟ್ಟಿರ್ತೀನಿ ಅಂದಿದ್ರಲ್ಲ" ಎನ್ನುತ್ತಾರೆ, ಆಗ ತಪ್ಪು ನಿಮ್ಮದೇ.

ಆಮೇಲೆ ಕೇಳುವವರಿಗೆ "ಇಲ್ಲ" ಅನ್ನಬೇಡಿ, "ಇದೆ" ಅಂತಲೂ ಅನ್ನಬೇಡಿ. ಇದ್ದದ್ದನ್ನು ಹೇಳಿ: "ಒಬ್ಬರು ಶನಿವಾರ 11ಕ್ಕೆ ನೋಡಲು ಬರುತ್ತಾರೆ. ಅವರು ಬೇಡವೆಂದರೆ 12 ಗಂಟೆಗೆ ನಿಮಗೆ ತಿಳಿಸುತ್ತೇನೆ. ನೀವು ಎರಡನೆಯವರು." ಮಾರ್ಕೆಟ್‌ಪ್ಲೇಸ್‌ನಲ್ಲಿ ಪೆಂಡಿಂಗ್ ಎಂದು ಗುರುತು ಹಾಕುವ ಸೌಲಭ್ಯವೂ ಇದೆ. ಎರಡನೆಯವರಿಗೆ 12ಕ್ಕೆ ತಿಳಿಸುತ್ತೇನೆ ಎಂದ ಮೇಲೆ ಮಾರಾಟ ಆದರೂ ಆಗದಿದ್ದರೂ 12ಕ್ಕೆ ತಿಳಿಸಲೇಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಸಾಲಿನಲ್ಲಿ ಮೂವರಿದ್ದರೆ ಸಾಕು, ನಾಲ್ಕನೆಯವರಿಗೆ "ಮೂವರು ಇದ್ದಾರೆ, ಉಳಿದರೆ ಪೋಸ್ಟ್‌ನಲ್ಲೇ ಹಾಕುತ್ತೇನೆ" ಎಂದುಬಿಡಿ.

ನಮ್ಮ ಜಿಲ್ಲೆಯಲ್ಲಿ ಟಿಕ್ ನೋಡದೆ ಯಾರನ್ನೂ ಸಾಲಿನಿಂದ ತೆಗೆಯಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಟವರೂ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಇದ್ದರೆ ನಿಮ್ಮ ಮೆಸೇಜ್ ಅವರ ಫೋನಿಗೆ ಹೋಗಿಯೇ ಇಲ್ಲ, ಅದನ್ನು ಉದಾಸೀನ ಎನ್ನಲಾಗದು. ಎರಡು ಟಿಕ್ ಬಂದು ಒಂದು ಹಗಲು ಕಳೆದರೂ ಮಾತಿಲ್ಲದಿದ್ದರೆ ಮುಂದಿನವರ ಕಡೆ ಹೋಗಬಹುದು. ನೀಲಿ ಆಗಿಲ್ಲ ಎಂದರೆ ಓದಿಲ್ಲ ಎಂದೇನಲ್ಲ, ಕೆಲವರು ಅದನ್ನು ಆಫ್ ಮಾಡಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಎಸ್‌ಎಂಎಸ್ ಕೂಡ ಕಳಿಸಿ, ಡೇಟಾ ಇಲ್ಲದಾಗಲೂ ಅದು ಹೋಗುವುದುಂಟು. ದಿನ ಗೊತ್ತುಮಾಡುವ ಮೊದಲು ರಸ್ತೆಯ ಸ್ಥಿತಿ ನೋಡಿಕೊಳ್ಳಿ. ಮಳೆ ಜೋರಾದಾಗ ಭಾರೀ ವಾಹನ ತಡೆಯುವುದುಂಟು, ಪಿಕಪ್ ಆದರೂ ಮರ ಬಿದ್ದಲ್ಲಿ ನಿಲ್ಲುತ್ತದೆ.

ವಿರಾಜಪೇಟೆಯಿಂದ

ಮುಂಗಡ ತೆಗೆದುಕೊಂಡರೆ ಈ ಕಾಯುವ ತೊಂದರೆಯೇ ಇಲ್ಲವಲ್ಲ? 5,000ಕ್ಕಿಂತ ಮೇಲಿನ ಸಾಮಾನಿಗೆ 500 ರೂಪಾಯಿ ಕೇಳಿ. ಕೊಟ್ಟವರಿಗೆ ಎರಡು ದಿನ ಇಡಿ. ಬೇಡವೆಂದರೆ ವಾಪಸ್ಸೋ ಇಲ್ಲವೋ ಎಂದು ಹಣ ಬರುವ ಮೊದಲೇ ಬರೆದು ಹೇಳಿ.

ಕುಶಾಲನಗರ, ಪೀಠೋಪಕರಣದವರು

ನೋಡುವ ಮೊದಲು ಮುಂಗಡ ಕೇಳುವುದನ್ನು ನಾನು ಒಪ್ಪುವುದಿಲ್ಲ. ಮುಂಗಡ ನುಂಗಿ ಫೋನ್ ಆಫ್ ಮಾಡುವ ಮೋಸಗಾರರು ಇರುವುದರಿಂದ, ಅಪರಿಚಿತ ಮಾರುವವರು ಹಣ ಕೇಳಿದ ಕೂಡಲೇ ಬುದ್ಧಿವಂತ ಗ್ರಾಹಕ ದೂರ ಹೋಗುತ್ತಾನೆ, ಅದು ಸರಿಯೂ ಹೌದು. ವಿಡಿಯೋ ಕಾಲ್‌ನಲ್ಲಿ ಸಾಮಾನು ತೋರಿಸಿ. ಅದಾದ ಮೇಲೆ ಅವರೇ "ಮುಂಗಡ ಹಾಕಲಾ" ಎಂದರೆ ತೆಗೆದುಕೊಳ್ಳಿ. ಬಂದು ನೋಡಿ, ನಾಳೆ ಗಾಡಿ ತರುತ್ತೇನೆ ಎನ್ನುವವರಿಂದ ಕೇಳುವುದು ನ್ಯಾಯ. ಸಾಮಾನು ನೀವು ಹೇಳಿದ ಹಾಗಿಲ್ಲದಿದ್ದರೆ ಪೂರ್ತಿ ವಾಪಸ್ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ.

ವಿರಾಜಪೇಟೆಯಿಂದ

ಮೈಸೂರು, ಕಣ್ಣೂರು ಕಡೆಯವರಿಗೆ ವಿಡಿಯೋ ಕಾಲ್ ಆದ ಮೇಲೆ ಎಂದು ತಿದ್ದಿಕೊಳ್ಳುತ್ತೇನೆ. ಹತ್ತಿರದವರಿಗೆ ಮುಂಗಡ ಬೇಡ.

ಮಡಿಕೇರಿ, ಬ್ಯಾಂಕ್ ಕೆಲಸದವರು

"ಇದೆಯಾ" ಎಂದು ಕೇಳಿ, "ಇದೆ" ಎಂದ ಕೂಡಲೇ ಚೌಕಾಸಿ ಇಲ್ಲದೆ, ಸ್ಥಿತಿ ಕೇಳದೆ, "ಈಗಲೇ ಪೂರ್ತಿ ಹಣ ಹಾಕ್ತೀನಿ, ನಮ್ಮ ಹುಡುಗ ಬಂದು ಒಯ್ಯುತ್ತಾನೆ" ಎನ್ನುವವರ ಬಗ್ಗೆ ಹುಷಾರು. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ" ಎನ್ನುತ್ತಾರೆ. ಯುಪಿಐನಲ್ಲಿ ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಡ, ಸ್ಕ್ಯಾನ್ ಬೇಡ, ಓಟಿಪಿ ಬೇಡ.

ಸೈನಿಕನೆಂದು ಹೇಳಿಕೊಂಡು, ಸಮವಸ್ತ್ರದ ಫೋಟೋ, ಕ್ಯಾಂಟೀನ್ ಕಾರ್ಡ್ ಕಳಿಸಿ ನಂಬಿಸುವುದು ಈ ಮೋಸದ ಹಳೇ ದಾರಿ. ಸೇನೆಗೆ ಬಹಳ ಜನರನ್ನು ಕೊಟ್ಟ ಕೊಡಗಿನಲ್ಲಿ ಆ ಮಾತಿಗೆ ಮನಸ್ಸು ಬೇಗ ಕರಗುತ್ತದೆ, ಅವರಿಗೆ ಬೇಕಿರುವುದೂ ಅದೇ. ಗೌರವದಿಂದಲೇ "ಬಂದು ನೋಡಿ, ಆಮೇಲೆ ಹಣ ಕೊಡಿ ಸರ್" ಎಂದು ಬರೆದು ನಿಲ್ಲಿಸಿ. ಎದುರಿಗೆ ಬಂದವರು ಹಣ ಹಾಕಿದಾಗಲೂ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಯಲ್ಲಿ ಬಂದದ್ದನ್ನು ನೋಡಿಯೇ ಸಾಮಾನು ಎತ್ತಲು ಬಿಡಿ. ನೆಟ್‌ವರ್ಕ್ ಇಲ್ಲದ ತೋಟದ ಮನೆಯಾದರೆ ನಗದು ತರಲು ಮೊದಲೇ ಹೇಳಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ.

ಸಿದ್ದಾಪುರದಿಂದ

ಮಾತಿನ ಧಾಟಿಯ ಬಗ್ಗೆ. ಬರವಣಿಗೆಯಲ್ಲಿ "ಸರ್", "ಮೇಡಂ" ಸಾಕು. ದನಿ ಕೇಳಿದ ಮೇಲೆ ಅಣ್ಣ, ಅಕ್ಕ ಅನ್ನಬಹುದು. ಹೆಸರು ನೋಡಿ ಕೊಡವ ತಕ್ಕಿನಲ್ಲೋ ಮಲಯಾಳದಲ್ಲೋ ಶುರುಮಾಡುವುದು ಬೇಡ, ಅವರು ಯಾವ ಭಾಷೆಯಲ್ಲಿ ಕೇಳಿದರೋ ಅದರಲ್ಲೇ, ಬಾರದಿದ್ದರೆ ಚಿಕ್ಕ ಕನ್ನಡದಲ್ಲಿ. ರಾತ್ರಿ 9ರ ಮೇಲೆ ಬಂದ ಪ್ರಶ್ನೆಗೆ ಬೆಳಿಗ್ಗೆ ಉತ್ತರಿಸಿದರೆ ತಪ್ಪೇನಿಲ್ಲ.

"ಲಾಸ್ಟ್ ಎಷ್ಟು?" ಎಂದರೆ ಸಿಡುಕಬೇಡಿ. "ನೋಡಿದ ಮೇಲೆ ಸ್ವಲ್ಪ ಮಾತಾಡೋಣ" ಅಥವಾ "ಬೆಲೆ ಅಷ್ಟೇ ಸರ್" ಎರಡರಲ್ಲಿ ಒಂದು ಹೇಳಿ, ಎಲ್ಲರಿಗೂ ಒಂದೇ ಹೇಳಿ. ಒಬ್ಬರಿಗೆ ಮಾತು ಕೊಟ್ಟ ಮೇಲೆ ಇನ್ನೊಬ್ಬರು ಸಾವಿರ ಹೆಚ್ಚು ಕೊಡುತ್ತೇನೆಂದರೂ ಅವರ ಗಡುವು ಮುಗಿಯುವವರೆಗೆ ಕೊಡಬಾರದು. ಇಲ್ಲದ ಗಿರಾಕಿಯ ಹೆಸರು ಹೇಳಿ ಬೆಲೆ ಏರಿಸುವುದಂತೂ ಬೇಡವೇ ಬೇಡ. ಇದು ಚಿಕ್ಕ ಜಿಲ್ಲೆ, ಅದೇ ಜನ ಎಲ್ಲ ಗ್ರೂಪ್‌ಗಳಲ್ಲೂ ಇರುತ್ತಾರೆ.

ಮನೆಯ ಲೊಕೇಶನ್ ಮೊದಲ ಉತ್ತರದಲ್ಲಿ ಹಾಕಬೇಡಿ. ಊರು ಹೇಳಿ, ಬರುವ ದಿನ ಬೆಳಿಗ್ಗೆ ಲೊಕೇಶನ್ ಕಳಿಸಿ. "ನಾವು ಮಂಗಳವಾರ ಇರಲ್ಲ" ಎಂದು ಬರೆಯುವುದಕ್ಕಿಂತ "ಮಂಗಳವಾರ ಆಗುವುದಿಲ್ಲ" ಎಂದರೆ ಸಾಕು, ಒಂಟಿ ಮನೆ ಖಾಲಿ ಇದೆ ಎಂದು ಊರಿಗೆ ತಿಳಿಸಿದ ಹಾಗಾಗಬಾರದು.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಫ್ರಿಜ್, ಇನ್ವರ್ಟರ್ ನೋಡಲು ಬರುವವರಿಗೆ ಬೇರೆ ತಯಾರಿ ಬೇಕಾ? ಗ್ರೂಪ್‌ನಲ್ಲಿ ಹಾಕಿದ ಹಳೇ ಪೋಸ್ಟ್ ಏನು ಮಾಡಲಿ?

ಗೋಣಿಕೊಪ್ಪಲು, ರಿಪೇರಿಯವರು

ಫ್ರಿಜ್ ಹಿಂದಿನ ರಾತ್ರಿಯಿಂದಲೇ ಆನ್ ಇರಲಿ, ಐಸ್ ಕಟ್ಟಿದ್ದು ಕಣ್ಣಿಗೆ ಕಾಣಬೇಕು. ಒಯ್ಯುವವರಿಗೆ ನಿಲ್ಲಿಸಿಯೇ ಸಾಗಿಸಲು ಹೇಳಿ. ಮಲಗಿಸಿದರೆ ಕಂಪ್ರೆಸರ್ ಆಯಿಲ್ ಕೊಳವೆಗೆ ಹೋಗುತ್ತದೆ, ಹಾಗೆ ಆಗಿದ್ದರೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆನ್ ಮಾಡಬೇಕು. ಇನ್ವರ್ಟರ್‌ಗೆ ಬ್ಯಾಟರಿ ಎಷ್ಟು ಎಎಚ್ (ಎಷ್ಟು ಕರೆಂಟ್ ಹಿಡಿದಿಡುತ್ತದೆ ಎಂಬ ಅಳತೆ), ತಯಾರಾದ ತಿಂಗಳು ಯಾವುದು ಎಂದು ಲೇಬಲ್ ಫೋಟೋ ಕಳಿಸಿ. ಬಂದಾಗ ಮೇನ್ ಆಫ್ ಮಾಡಿ ಎರಡು ಫ್ಯಾನು, ನಾಲ್ಕು ದೀಪ ಹಾಕಿ ಕಾಲು ಗಂಟೆ ಓಡಿಸಿ ತೋರಿಸಿ.

ಸೋಮವಾರಪೇಟೆಯಿಂದ

ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜ್ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು. ಅದು ದಾಟಿದ್ದರೆ ಆ ಹಳೇ ಪೋಸ್ಟನ್ನೇ ಹಿಡಿದು ರಿಪ್ಲೈ ಆಗಿ "ಮಂಚ ಮಾರಾಟ ಆಗಿದೆ, ಫ್ರಿಜ್ ಇದೆ" ಎಂದು ಹಾಕಿ, ಹುಡುಕಿ ನೋಡುವವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಅದಕ್ಕೇ ಐದು ಸಾಮಾನನ್ನು ಒಂದೇ ಪೋಸ್ಟ್‌ನಲ್ಲಿ ಹಾಕಬಾರದು, ಒಂದೊಂದಕ್ಕೆ ಒಂದೊಂದು ಹಾಕಿದರೆ ಅಳಿಸುವುದು, ತಿದ್ದುವುದು ಸುಲಭ. ಮಾರ್ಕೆಟ್‌ಪ್ಲೇಸ್‌ನಲ್ಲಿ ಹಣ ಕೈಗೆ ಬಂದ ಕೂಡಲೇ ಸೋಲ್ಡ್ ಎಂದು ಗುರುತು ಹಾಕಿ. ಸಾಲಿನಲ್ಲಿದ್ದ ಇಬ್ಬರು ಮೂವರಿಗೆ ಅದೇ ಸಂಜೆ "ಮಾರಾಟ ಆಯಿತು, ಕಾದದ್ದಕ್ಕೆ ಥ್ಯಾಂಕ್ಸ್" ಎಂದು ಬೇರೆ ಬೇರೆಯಾಗಿ ಬರೆಯಿರಿ. ಅವರಲ್ಲೊಬ್ಬರಿಗೆ ಫ್ರಿಜ್ ಬೇಕಿರಬಹುದು, ಅದನ್ನೂ ಕೇಳಿಬಿಡಿ.