ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಸೇರುತ್ತಿದ್ದೇನೆ, ಸೂಜಿ ಚುಚ್ಚಿಸಿಕೊಂಡವರು ಅನುಭವ ಹೇಳಿ

ಮುಂದಿನ ತಿಂಗಳು ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಆಗಿ ಸೇರುತ್ತೇನೆ. ಹೆಪಟೈಟಿಸ್ ಬಿ ಲಸಿಕೆ ಒಂದೇ ಡೋಸ್ ಆಗಿದೆ, ಅದೂ ಹೋದ ವರ್ಷ. ಉಳಿದಿದ್ದು ಸೇರಿದ ಮೇಲೆ ಹಾಕಿಸಿಕೊಂಡರೆ ನಡೆಯುತ್ತಾ?

ಹೆರಿಗೆ ಕೋಣೆ ಸಿಸ್ಟರ್:
ನನ್ನ ಕಥೆ ಕೇಳಿ. ರಾತ್ರಿ 2 ಗಂಟೆ. ಹೆರಿಗೆ ಮುಗಿಸಿ ಹೊಲಿಗೆ ಹಾಕುತ್ತಿದ್ದಾಗ ಕರೆಂಟ್ ಹೋಯಿತು. ಆಯಾ ಮೊಬೈಲ್ ಟಾರ್ಚ್ ಹಿಡಿದರು. ಸೂಜಿ ಗ್ಲೌಸ್ ದಾಟಿ ಎಡಗೈ ತೋರುಬೆರಳಿಗೆ ಇಳಿಯಿತು. ಗ್ಲೌಸ್ ಒಳಗೆ ಬೆರಳ ತುದಿಯಲ್ಲಿ ರಕ್ತ ತುಂಬಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ತಾಯಿ ಕಾರ್ಡಿನಲ್ಲಿ ಎಚ್‌ಐವಿ ಟೆಸ್ಟ್ ಜಾಗ ಖಾಲಿ. ಸೋಪು ಹಾಕಿ ತೊಳೆದು ಹೊರಟೆ. 72 ಗಂಟೆ ಒಳಗೆ ಎಚ್‌ಐವಿ ತಗುಲದಂತೆ ತಡೆಯುವ ಪಿಇಪಿ ಮಾತ್ರೆ ಶುರು ಮಾಡಬೇಕಲ್ವಾ, ಅಷ್ಟು ಕಾಯಲೂ ಬಾರದು. ಜಿಲ್ಲಾಸ್ಪತ್ರೆ 64 ಕಿ.ಮೀ., ಬಾಡಿಗೆ ಕಾರಿಗೆ 1,900 ರೂಪಾಯಿ. 28 ದಿನ ಮಾತ್ರೆ, ದಿನಾ ಹೊಟ್ಟೆ ತೊಳಸೋದು. 6 ದಿನ ರಜೆಗೆ ಸಂಬಳ ಕಟ್. ಮೂರು ತಿಂಗಳ ಟೆಸ್ಟ್ ನೆಗೆಟಿವ್ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ.

ಲ್ಯಾಬ್ ಟೆಕ್ನಿಷಿಯನ್, 12 ವರ್ಷ ಸರ್ವಿಸ್:
ಬಾಣಂತಿಗೆ ಆಗಲೇ ಎಚ್‌ಐವಿ ರ‍್ಯಾಪಿಡ್ ಟೆಸ್ಟ್ ಮಾಡಿದ್ದರೆ ಇಷ್ಟೆಲ್ಲ ಬೇಕಿತ್ತಾ ಸಿಸ್ಟರ್? ನನ್ನದು ಬೇರೆ ಥರ. 0, 1, 6 ತಿಂಗಳು ಅಂತ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿದ್ದೆ. ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ಬಂದ ರಕ್ಷಣೆಯ ಅಳತೆ, ಬಂದಿದ್ದು 4. ಕನಿಷ್ಠ 10 ಇರಬೇಕು. ಮತ್ತೆ ಮೂರು ಡೋಸ್, ಮತ್ತೆ ಟೈಟರ್. ಎರಡೂ ಸಲ ಪ್ರೈವೇಟ್ ಲ್ಯಾಬಿಗೆ ನನ್ನ ಜೇಬಿನಿಂದಲೇ 1,150 ರೂಪಾಯಿ. ಈ ಮಧ್ಯೆ ಸಿರಿಂಜಿಗೆ ಕ್ಯಾಪ್ ಹಾಕುವಾಗ ಒಂದು ಸಲ ಚುಚ್ಚಿಕೊಂಡೆ.

ಹೆರಿಗೆ ಕೋಣೆ ಸಿಸ್ಟರ್:
ಲ್ಯಾಬಿಗೆ ಬೀಗ ಇತ್ತು ಸರ್. ಕೀಲಿ ನಿಮ್ಮಂಥವರ ಮನೆಯಲ್ಲಿ. ಬೆಳಗ್ಗೆ ಲ್ಯಾಬ್ ತೆಗೆಯುವ ಮೊದಲೇ ಮನೆಯವರು ಬಾಣಂತಿಯನ್ನು ಕರೆದುಕೊಂಡು ಹೋಗಿದ್ದರು. ಅದಿರಲಿ, ಬಳಸಿದ ಸೂಜಿಗೆ ಕ್ಯಾಪ್ ಯಾಕೆ ಹಾಕಿದಿರಿ?

ಲ್ಯಾಬ್ ಟೆಕ್ನಿಷಿಯನ್:
ಬಳಸಿದ ಸೂಜಿ ಕತ್ತರಿಸುವ ಹಬ್ ಕಟರ್ ಕೆಟ್ಟು ಮೂರು ತಿಂಗಳಾಗಿತ್ತು. ಬರಿ ಸೂಜಿಯನ್ನು ಕಸದ ಬುಟ್ಟಿಗೆ ಹಾಕಿ ಆಯಾಗೆ ಚುಚ್ಚಲಿ ಅಂತ ಬಿಡಬೇಕಿತ್ತಾ?

ಆಶಾ ಕಾರ್ಯಕರ್ತೆ:
ನಿಮಗೆ ಗ್ಲೌಸಾದರೂ ಇದೆ. ಸರ್ವೆಗೆ ಹೋದಾಗ ನನ್ನ ಮೀನಖಂಡಕ್ಕೆ ನಾಯಿ ಕಚ್ಚಿತು. ರೇಬೀಸ್ ಲಸಿಕೆಗೆ 0, 3, 7, 28ನೇ ದಿನ, ನಾಲ್ಕು ಸಲ ತಾಲ್ಲೂಕು ಆಸ್ಪತ್ರೆಗೆ ಸ್ವಂತ ಬಸ್ ಚಾರ್ಜಲ್ಲಿ ಓಡಾಡಿದೆ. 'ಮನೆ ಒಳಗೆ ಯಾಕೆ ಹೋದೆ' ಅಂತ ನನ್ನನ್ನೇ ಬೈದರು. ನಮಗೆ ಸಂಬಳವೇ ಇಲ್ಲ, ಗೌರವಧನ. ಇನ್ನು ಕಟ್ ಆಗೋದೇನು?

ಲ್ಯಾಬ್ ಟೆಕ್ನಿಷಿಯನ್:
ಆಶಾ ಅವರ ಕಷ್ಟ ಇಲ್ಲ ಅಂತ ಯಾರಂದರು? ಕೇಳಿದವರಿಗೆ ಒಂದು ಮಾತು: ಒಂದು ಡೋಸ್ ಆಗಿದ್ದರೆ ಮೊದಲಿಂದ ಬೇಡ, ಎರಡನೆಯದು ಈಗಲೇ ಹಾಕಿಸಿ.

ಹೆರಿಗೆ ಕೋಣೆ ಸಿಸ್ಟರ್:
ಕೀಲಿ ವಿಷಯಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು.