ಕಾರಿನ ಹಿಂಭಾಗ 'ಲೂಸ್': ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪರ್ಫಾರ್ಮೆನ್ಸ್ ಕಾರುಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವೇಗದಲ್ಲಿ ಹೋಗುವಾಗ ಹಿಂಭಾಗ 'ಲೂಸ್' ಅನ್ನಿಸುತ್ತದೆ ಅಂತ ಓಡಿಸುವವರು ಹೇಳುತ್ತಾರಲ್ಲ, ಅದಕ್ಕೆ 'ಸಡಿಲ' ಅಂದರೆ ಸಾಲದೇ ಅಂತ ಗೆಳೆಯರ ವಾದ. ಸಾಲದು ಅಂತ ನನ್ನ ವಾದ.

ಆ ಒಂದು ಮಾತಿನಲ್ಲಿ ಎರಡು ಬೇರೆ ತೊಂದರೆಗಳು ಸೇರಿಕೊಂಡಿವೆ. ಅಮೆರಿಕದ ಸ್ಟಾಕ್ ಕಾರ್ ರೇಸಿನವರಿಗೆ ಲೂಸ್ ಅಂದರೆ ಓವರ್‌ಸ್ಟಿಯರ್. ತಿರುವಿನಲ್ಲಿ ಮುಂದಿನ ಟೈರಿಗಿಂತ ಮೊದಲು ಹಿಂದಿನ ಟೈರಿನ ಹಿಡಿತ ತಪ್ಪಿ ಹಿಂಭಾಗ ಹೊರಗೆ ಹೋಗುತ್ತದೆ. ಕಾರಿನಲ್ಲಿ ಒಂದು ಬೋಲ್ಟೂ ಸಡಿಲ ಇರಬೇಕಾಗಿಲ್ಲ! ಇನ್ನೊಂದು, ಮೆಕ್ಯಾನಿಕ್‌ಗಳು 'ಪ್ಲೇ ಇದೆ' ಅನ್ನುವುದು. ಬುಷ್ (ಚಕ್ರವನ್ನು ಹಿಡಿದಿರುವ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ತುಂಡು) ಹರಿದಿರುತ್ತದೆ, ಇಲ್ಲಾ ಬೇರಿಂಗ್ ಸವೆದಿರುತ್ತದೆ, ಹಾಗಾಗಿ ಚಕ್ರ ಇಟ್ಟ ಕೋನದಲ್ಲಿ ನಿಲ್ಲುವುದಿಲ್ಲ. ನೇರ ರಸ್ತೆಯಲ್ಲೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಒಮ್ಮೆ ಪಕ್ಕಕ್ಕೆ ಸರಿದ ಹಾಗೆ ಆಗುತ್ತದೆ.

ಪದ ತಪ್ಪಿದರೆ ರಿಪೇರಿಯೂ ತಪ್ಪುತ್ತದೆ. ಸಡಿಲ ಅಂತ ಓದಿದವರು ಬಿಗಿ ಮಾಡೋಣ ಅಂತ ಹಿಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು) ದಪ್ಪದ್ದು ಹಾಕಿಸಿದರು ಅಂದುಕೊಳ್ಳಿ, ತೊಂದರೆ ಓವರ್‌ಸ್ಟಿಯರ್ ಆಗಿದ್ದರೆ ಹಿಂಭಾಗ ಇನ್ನೂ ಜಾಸ್ತಿ ಜಾರುತ್ತದೆ. ಅಲ್ಲಿ ಬೇಕಾದದ್ದು ಹಿಂದೆ ಮೆತ್ತಗಿನ ಬಾರ್, ಇಲ್ಲವೇ ಮುಂದೆ ಗಟ್ಟಿಯದು. ಅದಕ್ಕೇ ಮೊದಲನೆಯದನ್ನು 'ಜಾರು', ಎರಡನೆಯದನ್ನು 'ಅಲುಗು' ಅಂತ ಬರೆದಿದ್ದೇನೆ.

ಪರೀಕ್ಷೆ ಮಾಡುವ ಭಾಗದಲ್ಲಿ ಅಷ್ಟೇನೂ ಕಷ್ಟವಾಗಲಿಲ್ಲ. ಟೈರ್ ತಣ್ಣಗಿರುವಾಗ ಗಾಳಿ ನೋಡಿ, ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಬುಷ್‌ಗಳನ್ನು ಸಬ್ಬಲ್ಲಿನಿಂದ ಮೀಟಿ ನೋಡಿ. ಒಂದು ಮಾತು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ: ಹೊಸ ರಬ್ಬರ್ ಬುಷ್ ಹಾಕಿದಾಗ ಬೋಲ್ಟನ್ನು ಕೊನೆಯದಾಗಿ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಕೂತ ನಂತರವೇ. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಟೋ-ಇನ್, ಟೋ-ಔಟ್‌ಗೆ 'ಒಳಮುಖ', 'ಹೊರಮುಖ' ಸಾಕು ಅನ್ನಿಸಿತು. ಹಿಂದಿನ ಚಕ್ರ ಸ್ವಲ್ಪ ಒಳಮುಖವಾಗಿದ್ದರೆ ಕಾರು ನೆಟ್ಟಗೆ ಹೋಗುತ್ತದೆ, ಹೊರಮುಖವಾದರೆ ಚಂಚಲ. ಓದುವವರಿಗೆ ಚಿತ್ರವಿಲ್ಲದೆಯೂ ತಿಳಿಯುತ್ತದೆ, ಅಲ್ವಾ?

ಸಿಕ್ಕಿಬಿದ್ದಿರುವುದು ಮೂರನೇ ಪದದಲ್ಲಿ. ಎಲ್ಲ ಅಲುಗಾಟವೂ ಕೆಟ್ಟದ್ದಲ್ಲ. 1977ರಲ್ಲಿ ಬಂದ ಪೋರ್ಷೆ 928 ಕಾರಿನ 'ವೈಸಾಖ್ ಆಕ್ಸಲ್' ಎಂಬ ಹಿಂಬದಿಯ ಸಸ್ಪೆನ್ಶನ್‌ನಲ್ಲಿ, ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಚಕ್ರ ತುಸು ಒಳಮುಖವಾಗುವಂತೆ ಬೇಕೆಂದೇ ಮಾಡಿದ್ದರು, ಹಿಂಭಾಗ ಜಾರಬಾರದು ಅಂತ. ಎಂಜಿನಿಯರ್‌ಗಳು ಕಂಪ್ಲಯನ್ಸ್ ಅನ್ನುವ, ಬಲ ಬಿದ್ದಾಗ ಬೇಕಾದಷ್ಟೇ ಸರಿದುಕೊಡುವ ಈ ಗುಣಕ್ಕೆ 'ಬಳುಕು' ಅಂತ ಬರೆದಿದ್ದೇನೆ. ಸೊಂಟ ಬಳುಕಿದ ಹಾಗೆ ಕೇಳಿಸುತ್ತದೆ ಅಂತ ಕರಡು ಓದಿದವರು ನಕ್ಕರು. 'ಬಾಗು' ಅಂದರೆ ಕಬ್ಬಿಣವೇ ಬಗ್ಗಿಹೋದಂತೆ, 'ಮಣಿತ' ಅಂದರೆ ಕಾರು ಶರಣಾದಂತೆ.

ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಮಾಡಿದವರು ಇಲ್ಲಿ ಇದ್ದರೆ ಹೇಳಿ: ಬುಷ್ ಚೆನ್ನಾಗಿದ್ದೂ ಒತ್ತಿದಷ್ಟು ಒಳಗೆ ಹೋಗಿ ಮತ್ತೆ ಮೊದಲಿನ ಹಾಗೆ ನಿಲ್ಲುವುದಕ್ಕೆ ನೀವು ಏನನ್ನುತ್ತೀರಿ?